ಮೊತ್ತ ಬರೆಯದ ಹನ್ನೊಂದು ಸಾಲು

ನಾನು ಕ್ಯಾಷಿಯರು. ಯಲ್ಲಾಪುರದ ಒಂದು ಸಹಕಾರ ಸಂಘದಲ್ಲಿ ಇಪ್ಪತ್ತಾರು ವರ್ಷದಿಂದ ಕಿರ್ದಿ ಬರೆಯುತ್ತಿದ್ದೇನೆ. ಸಂಜೆ ಜಮಾ-ಖರ್ಚು ತಾಳೆಯಾಗದಿದ್ದರೆ ಮನೆಗೆ ಬಂದರೂ ಅನ್ನ ಸೇರುವುದಿಲ್ಲ. ಎರಡು ರೂಪಾಯಿ ಕಡಿಮೆ ಬಿದ್ದರೂ ಅಷ್ಟೆ, ಹೆಚ್ಚು ಬಂದರೂ ಅಷ್ಟೆ. ಹಾಗಾಗಿ 2024ರ ಮೇ 26ರ ಬೆಳಿಗ್ಗೆ ನಾವು ನಾಲ್ವರು ಗೆಳತಿಯರು ಹಳೇ ಡೀಸೆಲ್ ಕಾರು ಹತ್ತಿ ಲೇಹ್ ಕಡೆ ಹೊರಟಾಗ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಮೂವತ್ನಾಲ್ಕು ದಿನ, ಹೋಗಿ ಬರುವುದು ಸೇರಿ 6,900 ಕಿಲೋಮೀಟರು. ಡೀಸೆಲ್ಲಿಗೆ 48,310 ರೂಪಾಯಿ. ಎಲ್ಲೋರದ ಟಿಕೆಟಿಗೆ ತಲೆಗೆ ನಲವತ್ತು. ಪಂಚರಿಗೆ, ಪಾನಿಪುರಿಗೆ, ಟೀಚರು ಜೈಪುರದಲ್ಲಿ ಬೇಡ ಬೇಡವೆಂದರೂ ಕೊಂಡ ಮೂರು ರಜಾಯಿಗೆ, ಎಲ್ಲಕ್ಕೂ ಲೆಕ್ಕವಿದೆ.

ಇಲ್ಲದ್ದು ಹನ್ನೊಂದು ಸಾಲಿಗೆ. ವಿವರ ಬರೆದಿದ್ದೇನೆ, ಮೊತ್ತದ ಕಾಲಂ ಖಾಲಿ. ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ. ಆ ಹನ್ನೊಂದು ಸಾಲಿನ ಜನರಲ್ಲಿ ಕನ್ನಡ ಓದಬಲ್ಲವರು ಯಾರೂ ಇಲ್ಲ. ಮಾತಾಡಬಲ್ಲವರು ಇಬ್ಬರಿದ್ದಾರೆ, ಅದನ್ನು ಮುಂದೆ ಹೇಳುತ್ತೇನೆ. ಅವರಿಗೆ ತಲುಪದ ಥ್ಯಾಂಕ್ಸನ್ನು ಇಲ್ಲಿ ಬರೆಯುವುದೇಕೆ ಅಂತ ಹಪ್ಪಳದವಳು ಕೇಳಿದಳು. ಬರೆಯದಿದ್ದರೆ ಪುಸ್ತಕ ಮುಚ್ಚಲಿಕ್ಕೆ ನನ್ನ ಕೈ ಬರುವುದಿಲ್ಲ, ಅದಕ್ಕೆ.

ಮೊದಲು ನಮ್ಮ ಪರಿಚಯ. ಹತ್ತನೇ ಕ್ಲಾಸು ಒಟ್ಟಿಗೆ ಪಾಸಾದವರು, ಈಗ ಐವತ್ತರ ಹೊಸ್ತಿಲಲ್ಲಿದ್ದೇವೆ. ಟೀಚರು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಾಳೆ. ಹಪ್ಪಳದವಳು ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುತ್ತಾಳೆ. ಯಜಮಾನ್ತಿ ಅಂತ ನಾವು ಕರೆಯುವವಳಿಗೆ ಅಡಿಕೆ ತೋಟವಿದೆ, ಪಿಕಪ್ಪು ಓಡಿಸಿಕೊಂಡು ತಾನೇ ಮಂಡಿಗೆ ಅಡಿಕೆ ಒಯ್ಯುವವಳು. ಸ್ಟೇರಿಂಗು ಹೆಚ್ಚಿನ ಹೊತ್ತು ಅವಳ ಕೈಯಲ್ಲೇ ಇತ್ತು. "ಗಂಡಸರು ಯಾರು ಬರ್ತಾರೆ?" ಅಂತ ಊರಲ್ಲಿ ಕೇಳಿದವರಿಗೆಲ್ಲ ಅವಳ ಉತ್ತರ ಒಂದೇ: "ಜಾಗ ಇಲ್ಲ."

ದಾರಿ ಹುಡುಕಿದ್ದು ಟೀಚರು. ನಮ್ಮ ಊರ ನಡುವೆ ಹಾದು, ಅರಬೈಲು ಘಟ್ಟ ಇಳಿದು ಅಂಕೋಲೆಗೆ ಹೋಗುವ ರಸ್ತೆಯಿದೆಯಲ್ಲ, ಅದು ರಾಷ್ಟ್ರೀಯ ಹೆದ್ದಾರಿ 52. ಅದರ ಇನ್ನೊಂದು ತುದಿ ಪಂಜಾಬಿನ ಸಂಗರೂರು. ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಇಂದೋರ್, ಕೋಟಾ, ಜೈಪುರ ಎಲ್ಲ ಅದೇ ದಾರಿಯಲ್ಲಿ ಸಿಗುತ್ತವೆ. ಹುಟ್ಟಿದಾಗಿನಿಂದ ದಾಟಿದ ರಸ್ತೆ ಇಷ್ಟು ಉದ್ದದ್ದು ಅಂತ ನನಗೆ ಗೊತ್ತೇ ಇರಲಿಲ್ಲ. "ತಿರುವೇ ಬೇಡ ಮಾರಾಯ್ತಿ, ಮನೆ ಗೇಟಿನಿಂದ ಬಲಕ್ಕೆ ಹೊರಳಿದರೆ ಪಂಜಾಬು" ಅಂದಳು.

ಮೊದಲ ಖಾಲಿ ಸಾಲು ಎರಡನೇ ದಿನದ್ದು, ಬೀಡ್ ಜಿಲ್ಲೆಯದು. ಹೆಂಗಸರು ರಸ್ತೆಗಿಳಿದರೆ ಕಾಡುವ ಪ್ರಶ್ನೆ ಘಟ್ಟದ್ದಲ್ಲ, ಕಳ್ಳರದ್ದೂ ಅಲ್ಲ, ಶೌಚಾಲಯದ್ದು. ಒಂದು ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಕೇಳಿದರೆ ಬಾಗಿಲಿಗೆ ಬೀಗ; ಕೀಲಿ ಮ್ಯಾನೇಜರ ಹತ್ತಿರ; ಮ್ಯಾನೇಜರು ಊಟಕ್ಕೆ. ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬಳು ನಮ್ಮ ಮಾತು ಕೇಳಿ ಕಸಬರಿಗೆ ಅಲ್ಲೇ ಬಿಟ್ಟು ಬಂದಳು. "ಬರ್ರಿ ಅಕ್ಕಾ, ನಮ್ಮ ಮನೀಗೆ ಹೋಗೂಣು" ಅಂದಳು. ಕನ್ನಡ! ಬೀಡ್ ಕಡೆಯ ಜನ ವರ್ಷ ವರ್ಷ ಕಬ್ಬು ಕಡಿಯಲು ಬೆಳಗಾವಿ, ಬಾಗಲಕೋಟೆ ಕಡೆಗೆ ಬರುತ್ತಾರೆ. ಈಕೆಯೂ ಗಂಡನ ಜೊತೆ ಹನ್ನೆರಡು ಸೀಜನ್ ಬಂದವಳು. ಬಂಕಿನ ಹಿಂದೆ ತಗಡಿನ ಮನೆ, ಪಕ್ಕದಲ್ಲಿ ಮೂರು ಗೋಡೆಯ ಬಚ್ಚಲು, ಬಾಗಿಲಿನ ಜಾಗದಲ್ಲಿ ಗೋಣಿಚೀಲ. ಬಕೆಟ್ಟಿನಲ್ಲಿ ನೀರಿಟ್ಟು "ಹೋಗ್ರಿ, ನಾ ನಿಂದರತೀನಿ" ಅಂತ ನಾಲ್ವರೂ ಮುಗಿಸುವ ತನಕ ಬೆನ್ನು ತಿರುಗಿಸಿ ಕಾವಲು ನಿಂತಳು. ನೂರರ ನೋಟು ಹಿಡಿದರೆ ಕೈ ಹಿಂದಕ್ಕೆ ಕಟ್ಟಿಕೊಂಡಳು. "ನಿಮ್ಮ ಕಡೆ ಹೊಲದಾಗ ನಮಗೂ ಯಾರರೆ ನಿಂತಿದ್ರು" ಅಂದಳು. ಯಾರು ನಿಂತಿದ್ದರೋ ಆ ತಾಯಿಗೂ ಇಲ್ಲಿಂದಲೇ ನಮಸ್ಕಾರ.

ಎಲ್ಲೋರ ದಾಟಿದ ಮೇಲೆ ಕನ್ನಡ ಅಂತಲೇ ಒಂದು ಊರಿದೆ, ತಾಲೂಕು ಕೇಂದ್ರ. ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆವು. ತೆಗೆದುಕೊಟ್ಟ ಹುಡುಗ ಕೋಲು ಐಸ್‌ಕ್ರೀಮ್ ಮಾರುವವನು, ಕನ್ನಡ ನಾಡಿನಿಂದ ಬಂದವರೆಂದು ನಾಲ್ಕು ಕೋಲು ಪುಕ್ಕಟೆ ಕೊಟ್ಟ. ಸಾಲು ಎರಡು. ಇಂದೋರಿನಲ್ಲಿ ಪೋಹಾ-ಜಿಲೇಬಿ ತಿಂದದ್ದು ಬಿಟ್ಟರೆ ಮಧ್ಯಪ್ರದೇಶ ನನಗೆ ಅಷ್ಟಾಗಿ ನೆನಪಿಲ್ಲ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದೆ.

ರಾಜಸ್ಥಾನದಲ್ಲಿ ನಿದ್ದೆ ಹಾರಿತು. ಸೀಕರ್ ದಾಟಿ ಚೂರು ಎಂಬ ಊರಿನ ಕಡೆ ಹೋಗುತ್ತಿದ್ದೆವು. ಮೂರು ದಿನದ ಹಿಂದಷ್ಟೆ ಅಲ್ಲಿ ಉಷ್ಣತೆ 50 ಡಿಗ್ರಿ ದಾಟಿತ್ತು. ಮಧ್ಯಾಹ್ನ ಒಂದೂವರೆ. ಕಿಟಕಿ ಇಳಿಸಿದರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ಯಜಮಾನ್ತಿ ಇದ್ದಕ್ಕಿದ್ದಂತೆ ಎ.ಸಿ. ಆಫ್ ಮಾಡಿ ಕಾರು ಅಂಚಿಗೆ ತಂದಳು. ಬಾನೆಟ್ಟಿನಿಂದ ಹಬೆ. ಟೀಚರು ರೇಡಿಯೇಟರಿನ ಮುಚ್ಚಳ ತಿರುವಲು ಹೋದವಳು, "ಮುಟ್ಟಬೇಡವೇ, ಮುಖ ಬೇಯ್ತದೆ!" ಎಂದು ಯಜಮಾನ್ತಿ ಕೂಗಿದ್ದಕ್ಕೆ ಉಳಿದಳು. ಮೇಲಿನ ರಬ್ಬರ್ ಪೈಪು ಕ್ಲಿಪ್ಪಿನ ಹತ್ತಿರ ಸೀಳಿತ್ತು. ನೀರೆಲ್ಲ ರಸ್ತೆಗೆ, ಬಿದ್ದಲ್ಲೇ ಆರಿಹೋಯಿತು. ನಮ್ಮ ಕುಡಿಯುವ ಕ್ಯಾನಿನಲ್ಲಿ ಎರಡು ಲೀಟರೂ ಇರಲಿಲ್ಲ.

ದೂರದಲ್ಲಿ ಒಂದು ಖೇಜಡಿ ಮರ, ಮರದ ಹತ್ತಿರ ಎರಡು ಮನೆ. ಅಂಥ ಒಂಟಿ ಮನೆಗಳಿಗೆ ಅಲ್ಲಿ ಧಾಣಿ ಅನ್ನುತ್ತಾರೆ. ಟೀಚರು, ನಾನು ತಲೆಗೆ ಟವೆಲು ಸುತ್ತಿ ಹೋದೆವು. ಗಂಡಸರಿರಲಿಲ್ಲ. ಒಬ್ಬ ಅಜ್ಜಿ, ಮುಸುಕು ಹಾಕಿದ ಇಬ್ಬರು ಸೊಸೆಯರು, ಮಕ್ಕಳು. ಅಜ್ಜಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ನಮ್ಮೂರಿನವರದೇ ಪ್ರಶ್ನೆ: ಗಂಡಸರೆಲ್ಲಿ? ಯಾರೂ ಇಲ್ಲ, ಗಾಡಿ ನಾವೇ ಹೊಡೆಯುತ್ತೇವೆ ಅಂದಾಗ ಸೊಸೆಯರಲ್ಲಿ ಒಬ್ಬಳು ಮುಸುಕಿನೊಳಗೇ ಫಕ್ಕನೆ ನಕ್ಕಳು. ಆ ನಗು ಇನ್ನೂ ಕಿವಿಯಲ್ಲಿದೆ.

ನೀರು ಬೇಕು ಅಂದೆವು. ಅಜ್ಜಿ ಓಢಣಿಯ ತುದಿಯ ಗಂಟು ಬಿಚ್ಚಿ ಒಂದು ಕೀಲಿ ತೆಗೆದಳು. ನೀರಿಗೆ ಕೀಲಿ ಯಾಕೆಂದು ನನಗೆ ಅರ್ಥವಾಗಲಿಲ್ಲ. ಮನೆಯ ಹಿಂದೆ ದೊಡ್ಡ ತಟ್ಟೆಯಂತೆ ನಡುವಿಗೆ ಇಳಿಜಾರಾದ ಗಟ್ಟಿ ನೆಲ, ನಮ್ಮ ಅಡಿಕೆ ಒಣಗಿಸುವ ಅಂಗಳದಷ್ಟು ಅಗಲ. ನಟ್ಟನಡುವೆ ಸುಣ್ಣ ಬಳಿದ ಪುಟ್ಟ ಗುಮ್ಮಟ, ಗುಮ್ಮಟಕ್ಕೊಂದು ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ. ಅದು ಕುಂಡ್. ಮಳೆ ಬಿದ್ದಾಗ ಅಷ್ಟೂ ನೆಲದ ನೀರು ಹರಿದು ಗುಮ್ಮಟದ ಕೆಳಗಿನ ತೊಟ್ಟಿ ಸೇರುತ್ತದೆ. ಮುಂದಿನ ಮಳೆಗಾಲದವರೆಗೆ ಮನೆಯವರು ಕುಡಿಯುವುದು ಅದನ್ನು. ಅಜ್ಜಿ ಜೋಡು ಕಳಚಿಟ್ಟು ಬರಿಗಾಲಲ್ಲಿ ಆ ಕಾದ ನೆಲದ ಮೇಲೆ ನಡೆದಳು. ನಾನೂ ಚಪ್ಪಲಿ ಬಿಟ್ಟೆ, ಎರಡು ಹೆಜ್ಜೆಗೆ ಹಾರಿ ಈಚೆ ಬಂದೆ. ಅವಳು ನಿಧಾನಕ್ಕೆ ಬೀಗ ತೆಗೆದು, ಹಗ್ಗದ ಬಕೆಟ್ ಇಳಿಬಿಟ್ಟಳು. ಬಕೆಟ್ಟು ನೀರು ಮುಟ್ಟಲು ಬಹಳ ಹೊತ್ತು ಹಿಡಿಯಿತು. ತಳದಲ್ಲಿತ್ತು ನೀರು.

ನಾನು ಯಲ್ಲಾಪುರದವಳು. ಜೂನಿನಲ್ಲಿ ಬಿಚ್ಚಿದ ಕೊಡೆ ಸೆಪ್ಟೆಂಬರಿಗೆ ಮಡಚುವ ಊರು. ಮಳೆ ಹೆಚ್ಚಾಯಿತೆಂದು ಬೈಯುವುದು ನಮಗೆ ಅಭ್ಯಾಸ. ಕುಡಿಯಲು ಒಂದು ತಂಬಿಗೆ ಸಾಕು, ಕಾರಿಗೆ ಬೇರೆ ನೀರು ನೋಡುವಾ ಅಂತ ಟೀಚರಿಗೆ ಹೇಳಿದೆ. ಅವಳು ಹಿಂದಿಯಲ್ಲಿ ಹೇಳಿದಳು. ಅಜ್ಜಿ ಎರಡನೇ ಬಕೆಟ್ ಎಳೆಯುತ್ತಲೇ, "ಬೇರೆ ನೀರು ಎಲ್ಲಿಂದ? ಆಷಾಢ ಬಂತಲ್ಲ, ಮತ್ತೆ ತುಂಬ್ತದೆ" ಅಂದಳಂತೆ. ಎರಡು ಬಕೆಟ್ ತೆಗೆದು ಮತ್ತೆ ಬೀಗ ಹಾಕಿ, ಜಗ್ಗಿ ನೋಡಿ, ಕೀಲಿ ಗಂಟಿಗೆ ಸೇರಿಸಿದಳು.

ಸೊಸೆಯೊಬ್ಬಳು ಫೋನು ಮಾಡಿದ್ದಕ್ಕೆ ಮೋಟಾರ್ ಸೈಕಲ್ಲಿನ ಮೆಕ್ಯಾನಿಕ್ ಒಂದು ತಾಸಿನಲ್ಲಿ ಬಂದ. ಸೀಳಿದ ತುದಿ ಕತ್ತರಿಸಿ, ಪೈಪನ್ನು ಎಳೆದು ಕೂರಿಸಿ, ಹೊಸ ಕ್ಲಿಪ್ ಬಿಗಿದ. ಇನ್ನೂರು ರೂಪಾಯಿ, ವೋಚರಿದೆ. ಅಷ್ಟರಲ್ಲಿ ಒಳಗೆ ನಮಗೆ ರಾಬಡಿ ಕೊಟ್ಟರು. ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಹುಳಿ ಬರಿಸಿ ಕುದಿಸಿ ಮಣ್ಣಿನ ಮಡಕೆಯಲ್ಲಿ ತಣಿಸಿದ್ದು. ನಮ್ಮ ಅಂಬಲಿಯ ಅಕ್ಕನೋ ತಂಗಿಯೋ ಇರಬೇಕು. ಹಪ್ಪಳದವಳು ಮೂರು ಲೋಟ ಕುಡಿದಳು. ಹೊರಡುವಾಗ ಮಗುವಿನ ಕೈಯಲ್ಲಿ ಐನೂರರ ನೋಟು ತುರುಕಿ ಓಡಿಬಂದೆ, ಪುಸ್ತಕದಲ್ಲಿ ಖರ್ಚೂ ಬರೆದೆ. ರಾತ್ರಿ ಹಿಸಾರಿನಲ್ಲಿ ಅವರು ಕಟ್ಟಿಕೊಟ್ಟ ಸಜ್ಜೆ ರೊಟ್ಟಿಯ ಗಂಟು ಬಿಚ್ಚಿದರೆ ರೊಟ್ಟಿಗಳ ನಡುವೆ ಆ ನೋಟು. ನನ್ನ ಕೆಲಸದಲ್ಲಿ ಇಂಥದ್ದಕ್ಕೆ ಏನು ಹೆಸರೋ ಗೊತ್ತಿಲ್ಲ. ಜಮಾ ಕಡೆ ಐನೂರು ಬರೆದು, ಕೆಳಗೆ "ಚೂರು, ನೀರು, 2 ಬಕೆಟ್" ಅಂತ ಬರೆದು ಮೊತ್ತ ಖಾಲಿ ಬಿಟ್ಟೆ.

ಸಂಗರೂರು ಮುಟ್ಟಿದೆವು. ನಮ್ಮ ರಸ್ತೆ ಅಲ್ಲಿ ಮುಗಿಯುತ್ತದೆ, ಅದಕ್ಕೊಂದು ತೆಂಗಿನಕಾಯಿ ಒಡೆಯಬೇಕೆಂದು ಹಪ್ಪಳದವಳು ಮನೆಯಿಂದಲೇ ತಂದಿದ್ದಳು, ಒಡೆದಳು. ಪಂಜಾಬಿನಲ್ಲಿ ಖಾಲಿ ಸಾಲುಗಳಿಗೆ ಲೆಕ್ಕವೇ ಇಲ್ಲ, ಎಲ್ಲ ಸೇರಿಸಿ ಒಂದೇ ಸಾಲು ಮಾಡಿದ್ದೇನೆ. ಸಿಖ್ಖರ ಗುರು ಅರ್ಜನ್ ದೇವರ ಬಲಿದಾನದ ದಿನ ಹತ್ತಿರವಿತ್ತು. ಊರೂರಲ್ಲಿ ಹುಡುಗರು ರಸ್ತೆಗೆ ಅಡ್ಡ ನಿಂತು ಗಾಡಿ ತಡೆಯುತ್ತಾರೆ. ನಮ್ಮ ಕಡೆ ಗಣಪತಿ ಚಂದಾಕ್ಕೆ ತಡೆದಂತೆ ಎಂದು ನಾನು ಚಿಲ್ಲರೆ ತೆಗೆದಿಟ್ಟುಕೊಂಡೆ. ಅವರು ಕಿಟಕಿಯೊಳಗೆ ಚಾಚಿದ್ದು ಗುಲಾಬಿ ಬಣ್ಣದ ತಣ್ಣನೆ ಸಿಹಿ ಹಾಲು-ನೀರು. ಛಬೀಲ್ ಅನ್ನುತ್ತಾರೆ. ಲುಧಿಯಾನಾ ದಾಟುವಷ್ಟರಲ್ಲಿ ಆರು ಲೋಟ ಆಗಿತ್ತು, ಮತ್ತೆ ಶೌಚಾಲಯದ ಪ್ರಶ್ನೆ ಎದ್ದಿತು.

ಜಮ್ಮು ಬಿಟ್ಟು ರಾಮಬನ್ ಹತ್ತಿರ ಗುಡ್ಡದಿಂದ ಕಲ್ಲು ಜಾರಿ ರಸ್ತೆ ಬಂದ್. ಆರು ತಾಸು ನಿಂತೆವು. ಎದುರಿನ ಸಿಮೆಂಟ್ ಲಾರಿಯ ಡ್ರೈವರು ಪಂಜಾಬಿನವರು, ಅರವತ್ತರ ಆಸುಪಾಸಿನ ಸರ್ದಾರ್ಜಿ. ಲಾರಿಯ ಪಕ್ಕದ ಪೆಟ್ಟಿಗೆ ತೆರೆದರೆ ಇಡೀ ಅಡುಗೆಮನೆ: ಸ್ಟೋವ್, ಕುಕ್ಕರ್, ಈರುಳ್ಳಿಯ ಚೀಲ, ಮಸಾಲೆ ಡಬ್ಬಿ. ಅನ್ನ, ರಾಜ್ಮಾ ಮಾಡಿ ಮೊದಲು ನಮಗೆ ಬಡಿಸಿದರು. ಯಾವೂರು ಅಂದರು. ಹುಬ್ಬಳ್ಳಿ ಹತ್ತಿರ ಅಂದೆ. ದೂರದವರಿಗೆ ಹಾಗೆ ಹೇಳುವುದು ರೂಢಿ. "ಹುಬ್ಬಳ್ಳಿ ಹತ್ತಿರ ಎಲ್ಲಿ?" ಯಲ್ಲಾಪುರ ಅಂದದ್ದೇ ತಡ, ಸೌಟು ಕೆಳಗಿಟ್ಟರು. "ಅರ್ಬೈಲ್ ಘಾಟ್!"

2021ರ ಜುಲೈಯಲ್ಲಿ ನಮ್ಮಲ್ಲಿ ಮಳೆ ಕಚ್ಚಿ ಹಿಡಿದು ಅರಬೈಲು, ಕಳಚೆ ಕಡೆ ಗುಡ್ಡಗಳು ಕುಸಿದವಲ್ಲ, ಆಗ ಅವರು ಲಾರಿಯೊಡನೆ ಎರಡು ದಿನ ಅಲ್ಲೇ ಸಿಕ್ಕಿಬಿದ್ದಿದ್ದರಂತೆ. ಸ್ಟೋವಿಗೆ ಸೀಮೆಎಣ್ಣೆ ಮುಗಿದಿತ್ತಂತೆ. ಊಟಕ್ಕೆ ಏನು ಮಾಡಿದಿರಿ ಅಂತ ಟೀಚರು ಕೇಳಿದಳು. ಅವರು ನಕ್ಕು "ಬಿಸ್ಕಿಟ್" ಅಂದರು. ಅಷ್ಟೇ. ಆ ಎರಡು ದಿನ ನಾವು ಏನು ಮಾಡುತ್ತಿದ್ದೆವು ಎಂದು ನನಗೆ ಚೆನ್ನಾಗಿ ನೆನಪಿದೆ. ಲಾರಿಗಳಿಂದಾಗಿ ಪೇಟೆಗೆ ಹೋಗಲಿಕ್ಕಾಗುವುದಿಲ್ಲ ಎಂದು ಜಗಲಿಯಲ್ಲಿ ಕೂತು ಬೈಯುತ್ತಿದ್ದೆವು. ರಾಜ್ಮಾ ಗಂಟಲಲ್ಲಿ ಇಳಿಯಲಿಲ್ಲ. ಯಜಮಾನ್ತಿ ಮಾತ್ರ ಇನ್ನೊಂದು ಸೌಟು ಹಾಕಿಸಿಕೊಂಡು, ಊಟವಾದ ಮೇಲೆ ಅವರ ಕುಕ್ಕರು, ತಟ್ಟೆ ಎಲ್ಲ ತಾನೇ ತೊಳೆದಿಟ್ಟಳು.

ಸೋನಾಮಾರ್ಗ್ ಬಿಟ್ಟು ಜೋಜಿಲಾ ಹತ್ತುವಾಗ, 3,528 ಮೀಟರ್ ಎತ್ತರದ ಆ ಕಣಿವೆಯಲ್ಲಿ, ಹಿಮ ಕರಗಿದ ಕೆಸರಿಗೆ ಹಿಂದಿನ ಚಕ್ರ ಹೂತಿತು. ರಸ್ತೆ ಕೆಲಸದ ಏಳೆಂಟು ಆಳುಗಳು ಗುದ್ದಲಿ ಬಿಟ್ಟು ಬಂದು ನೂಕಿದರು. ಜಾರ್ಖಂಡಿನ ದುಮ್ಕಾದವರು. ತೂತು ಬಿದ್ದ ಗಂಬೂಟು, ಮುಖಕ್ಕೆ ಸುತ್ತಿದ ಗಮಚಾ, ಉಳಿದಂತೆ ಏನೂ ಇಲ್ಲ. ಆ ರಸ್ತೆಗಳಲ್ಲಿ ಹೋಗಿ ಬಂದವರು ಹಾಕುವ ಫೋಟೋಗಳಲ್ಲಿ ಇವರು ಇರುವುದಿಲ್ಲ. ನಮ್ಮದರಲ್ಲೂ ಇಲ್ಲ, ನೂಕುವ ಹೊತ್ತಿಗೆ ಯಾರ ಕೈಯಲ್ಲೂ ಫೋನಿರಲಿಲ್ಲ. ಹಿಂದಿರುಗಿ ನೋಡುವಷ್ಟರಲ್ಲಿ ಮೇಲಿನ ಗಾಡಿಯವರು ಹಾರ್ನು ಹೊಡೆದು ನಮ್ಮನ್ನು ಓಡಿಸಿಬಿಟ್ಟರು. ಥ್ಯಾಂಕ್ಸ್ ಕೂಡ ಸರಿಯಾಗಿ ಹೇಳಿಲ್ಲ.

ಇನ್ನು ಲೇಹ್. ಇಲ್ಲಿ ತಪ್ಪು ನಮ್ಮದು. 3,500 ಮೀಟರ್ ಎತ್ತರದ ಊರು, ಬಂದ ದಿನ, ಮರುದಿನ ಮಲಗಿಯೇ ಇರಿ ಅಂತ ಉಳಿದುಕೊಂಡ ಮನೆಯ ಒಡತಿ ಕೈ ಮುಗಿದು ಹೇಳಿದ್ದರು. ಅವರನ್ನು ಎಲ್ಲರೂ ಆಮಾ-ಲೆ ಅನ್ನುತ್ತಾರೆ, ಅಮ್ಮ ಅಂದ ಹಾಗೆ. ನಾವು ಚಾ ಕುಡಿದು ಸಂಜೆಗೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದೆವು, ಐನೂರರಷ್ಟಿವೆ. ಹಪ್ಪಳದವಳೇ ಎಲ್ಲರಿಗಿಂತ ಮುಂದೆ.

ಮರುದಿನವಿಡೀ ಅವಳಿಗೆ ಒಣಕೆಮ್ಮು. ರಾತ್ರಿ ಎರಡಕ್ಕೆ ಎಚ್ಚರವಾದಾಗ ಮಂಚದ ಮೇಲೆ ಕೂತಿದ್ದಳು. "ಮಲಗಿದರೆ ಉಸಿರು ಸಿಕ್ಕುವುದಿಲ್ಲ ಕಣೇ" ಅಂದಳು. ಲೈಟು ಹಾಕಿದರೆ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ನಾನು ಬಾಗಿಲು ಬಡಿದದ್ದಕ್ಕೆ ಆಮಾ-ಲೆ ಒಂದು ಪ್ರಶ್ನೆ ಕೇಳಲಿಲ್ಲ. ನೈಟಿಯ ಮೇಲೆಯೇ ಉಣ್ಣೆಯ ಗೊಂಚಾ ಹಾಕಿ, ತಮ್ಮ ಕಾರು ತೆಗೆದು, ಸರಕಾರಿ ಆಸ್ಪತ್ರೆಗೆ ಒಯ್ದರು. ಆಕ್ಸಿಮೀಟರ್ 58 ತೋರಿಸಿತು. ಶ್ವಾಸಕೋಶದಲ್ಲಿ ನೀರು ತುಂಬಲು ಶುರುವಾಗಿದೆ, ಬೆಳಗಿನ ತನಕ ಕಾದಿದ್ದರೆ ಕಷ್ಟವಿತ್ತು ಅಂದರು ಡ್ಯೂಟಿ ಡಾಕ್ಟರು. ಮೂಗಿಗೆ ಆಮ್ಲಜನಕ ಕಟ್ಟಿದರು. ಕಾರಿಡಾರಿನ ಬೆಂಚಿನ ಮೇಲೆ ನಾನು ಅವಳ ಗಂಡನಿಗೆ ಫೋನು ಮಾಡಲೋ ಬೇಡವೋ ಅಂತ ಕೂತಿದ್ದೆ. ಮಾಡಲಿಲ್ಲ. ಅದಕ್ಕೆ ಆಮೇಲೆ ಬೈಸಿಕೊಂಡೆ, ನ್ಯಾಯವಾದ ಬೈಗುಳವೇ.

ಬೆಳಿಗ್ಗೆ ಏಳಕ್ಕೆ ಕೆಂಪು ಬಟ್ಟೆಯ ಲಾಮಾ ಒಬ್ಬರು ಥರ್ಮಾಸ್ ಹಿಡಿದು ವಾರ್ಡಿಗೆ ಬಂದರು. ಆಮಾ-ಲೆಯ ತಮ್ಮ. ಹಾಸಿಗೆ ಹತ್ತಿರ ನಿಂತು, "ಅಕ್ಕಾ, ಗಾಬರಿ ಆಗಬ್ಯಾಡ್ರಿ. ಇಲ್ಲೆ ಇದು ದಿನಾ ಇರೂದ" ಅಂದರು. ಹಪ್ಪಳದವಳು ಮಾಸ್ಕಿನೊಳಗಿನಿಂದಲೇ ನನ್ನ ಕಡೆ ಕಣ್ಣು ಹೊರಳಿಸಿ "ಇವರು ಯಾರೇ?" ಅಂದಳು. ತಾನು ಸತ್ತು ಬೇರೆಲ್ಲೋ ಬಂದಿದ್ದೇನೆ ಅಂತ ಆ ಕ್ಷಣ ಅವಳಿಗೆ ಅನಿಸಿತ್ತಂತೆ.

ಅವರು ಹದಿನಾರು ವರ್ಷ ಮುಂಡಗೋಡಿನಲ್ಲಿ ಓದಿದವರು. ಟಿಬೆಟನ್ ಕ್ಯಾಂಪಿನ ಡ್ರೆಪುಂಗ್ ಮಠದಲ್ಲಿ. ಯಲ್ಲಾಪುರದಿಂದ ಮುಂಡಗೋಡು ಎಷ್ಟು ದೂರ? ನಾವು ಚಳಿಗಾಲದಲ್ಲಿ ಸ್ವೆಟರ್ ಕೊಳ್ಳಲು, ಬಂದ ನೆಂಟರಿಗೆ ಮಠ ತೋರಿಸಲು ಹೋಗುತ್ತೇವೆ. ಲಡಾಖಿನ ಹುಡುಗರು ಅಲ್ಲಿಗೆ ಓದಲು ಬರುತ್ತಾರೆ ಅಂತ ಒಮ್ಮೆಯೂ ಕೇಳಿ ತಿಳಿದವರಲ್ಲ. ಅವರಿಗೋ ಮುಂಡಗೋಡಿನ ಸೋಮವಾರದಿಂದ ಭಾನುವಾರದವರೆಗೂ ನೆನಪಿದೆ: ಗಿರ್ಮಿಟ್ ಅಂಗಡಿ, ಮಳೆ, ಜಿಗಣೆ, ಬಸ್ ಸ್ಟ್ಯಾಂಡು. ಎರಡು ದಿನವೂ ಬಂದು ಕೂತರು, ಡಾಕ್ಟರು ಹೇಳಿದ್ದನ್ನು ನಮಗೆ ತಿಳಿಸಿದರು, ಔಷಧಿ ತಂದರು. ಏನಾದರೂ ಕೊಡಬೇಕಲ್ಲ ನಾವು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ನಾಚಿಕೊಂಡು ಕೇಳಿದರು: "ಹಲಸಿನ ಹಪ್ಪಳ ಐತೇನ್ರಿ?"

ಹಪ್ಪಳದವಳು ಆ ಮೂರು ದಿನದಲ್ಲಿ ನಕ್ಕದ್ದು ಅದೇ ಮೊದಲು. ದಾರಿಯಲ್ಲಿ ಸಿಕ್ಕವರಿಗೆ ಮಾರುತ್ತೇನೆ ಅಂತ ಅವಳು ಡಿಕ್ಕಿಯಲ್ಲಿ ಇಟ್ಟಿದ್ದ ಎಂಟು ಕಟ್ಟುಗಳಲ್ಲಿ ಐದು ಉಳಿದಿದ್ದವು. ಐದೂ ಕೊಟ್ಟೆವು. ಇದಕ್ಕೂ ಅದಕ್ಕೂ ಸರಿಹೋಯಿತು, ಆ ಸಾಲು ತುಂಬು ಅಂತ ಯಜಮಾನ್ತಿ ಹೇಳಿದಳು. ನಾನು ತುಂಬಲಿಲ್ಲ. ಹಪ್ಪಳದ ರೇಟು ನನಗೆ ಗೊತ್ತು.

ಪ್ಯಾಂಗಾಂಗ್ ಸರೋವರ ನೋಡಿದ್ರಾ ಅಂತ ಬಂದಾಗಿನಿಂದ ಎಲ್ಲರೂ ಕೇಳುತ್ತಾರೆ. ಇಲ್ಲ. ವಾಪಸಿಗೆ ಮನಾಲಿ ರಸ್ತೆ ಹಿಡಿದರೂ 5,328 ಮೀಟರ್ ಎತ್ತರದ ತಂಗ್‌ಲಾಂಗ್ ಲಾ ದಾಟಬೇಕು, ಆ ಮಾತೇ ಬೇಡ ಅಂದರು ಡಾಕ್ಟರು. ಹಪ್ಪಳದವಳು, ಟೀಚರು ವಿಮಾನದಲ್ಲಿ ದೆಹಲಿಗಿಳಿದು ರೈಲು ಹಿಡಿದರು. ನಾನೂ ಯಜಮಾನ್ತಿಯೂ ಹೋದ ದಾರಿಯಲ್ಲೇ ಕಾರು ತಂದೆವು. ಚೂರುವಿನಲ್ಲಿ ಆ ಖೇಜಡಿ ಮರ ಹುಡುಕಿದೆವು, ಸಿಗಲಿಲ್ಲ. ಅಲ್ಲಿ ಎಲ್ಲ ಮರವೂ ಹಾಗೇ ಇವೆ. ಜೂನ್ 28ರ ರಾತ್ರಿ ಮನೆ ಸೇರಿದಾಗ ಯಲ್ಲಾಪುರದಲ್ಲಿ ಮಳೆ ಹೊಯ್ಯುತ್ತಿತ್ತು. ಬೈಯಲಿಲ್ಲ.

ಮನೆಯವರಿಗೆ, ತಿಂಗಳಿಗೂ ಮಿಕ್ಕಿ ರಜೆ ಕೊಟ್ಟ ಸಂಘದ ಸೆಕ್ರೆಟರಿಯವರಿಗೆ, ಸಾರು ಮಾಡಲು ಕಲಿತ ನನ್ನ ಮಗನಿಗೆ ಎದುರಿಗೇ ಹೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ನಾವು ಬಂದು ಮೂರು ವಾರವೂ ಆಗಿರಲಿಲ್ಲ, ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಾ ಅಂಗಡಿ, ಅಲ್ಲಿ ನಿಂತಿದ್ದ ಲಾರಿ, ಮನುಷ್ಯರು ಮಣ್ಣಿನೊಡನೆ ಗಂಗಾವಳಿಗೆ ಹೋದರು. ನಮ್ಮ ಮಾಗೋಡಿನಲ್ಲಿ ಧುಮುಕುವ ಬೇಡ್ತಿಯೇ ಅಲ್ಲಿಯ ಗಂಗಾವಳಿ. ಟಿ.ವಿ. ಮುಂದೆ ನಾವು ನಾಲ್ವರೂ ಒಟ್ಟಿಗೆ ಕೂತಿದ್ದೆವು, ಯಾರೂ ಮಾತಾಡಲಿಲ್ಲ. ಆ ಕಡೆ ಹೋಗಬೇಕಿದ್ದ ಲಾರಿಗಳು ನಮ್ಮೂರ ರಸ್ತೆಯ ಅಂಚಿಗೆ ಸಾಲಾಗಿ ನಿಂತವು.

ಮರುದಿನ ಬೆಳಿಗ್ಗೆ ಹಪ್ಪಳದವಳು ಮದುವೆ ಮನೆಯ ದೊಡ್ಡ ಪಾತ್ರೆ ಇಳಿಸಿದಳು. ಸ್ಟೀಲಿನ ಹಾಲಿನ ಕ್ಯಾನಿನಲ್ಲಿ ಚಾ, ಬುಟ್ಟಿಯಲ್ಲಿ ಒಗ್ಗರಣೆ ಅವಲಕ್ಕಿ. ಟೀಚರು ಕೊಡೆ ಹಿಡಿದಳು, ನಾನು ಲೋಟ. ಮೊದಲ ಲಾರಿ ಹರಿಯಾಣದ್ದು, ಕ್ಯಾಬಿನ್ನಿನಲ್ಲಿ ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗ. ಗಾಜು ಇಳಿಸಿ ಲೋಟ ತೆಗೆದುಕೊಂಡ, ಅನುಮಾನದಿಂದ ನಮ್ಮನ್ನು ನೋಡಿದ, ಒಂದು ಗುಟುಕು ಕುಡಿದ. ಆಮೇಲೆ ಟೀಚರಿಗೆ ಏನೋ ಹೇಳಿದ.

"ಏನಂತೆ?" ಅಂತ ಹಪ್ಪಳದವಳು ಕೇಳಿದಳು.

"ಸಕ್ಕರೆ ಕಡಿಮೆಯಂತೆ."